ಬಿಸ್ಮಾರ್ಕ್ ಆಮೇಲೆ ನೋಡೋಣ, ಮೊದಲು ಮೈಸೂರು ಕಟ್ಟಿ

ಸರ್, ನಿಮ್ಮ ಪ್ರಶ್ನೆ ಓದಿದೆ. ಒಂದಕ್ಕೊಂದು ಗುಂಡು ಹೊಡೆದು ಮುಳುಗಿಸುವ ರಿಮೋಟ್ ಯುದ್ಧನೌಕೆಯ ಮಾದರಿ ಕಟ್ಟುವ ಆಸೆ, ಇರುವುದು ಬೆಂಗಳೂರಿನ ಬನಶಂಕರಿಯ ಫ್ಲ್ಯಾಟು, ಜಾಗ ಅಂದರೆ ಟೆರೇಸ್ ಮಾತ್ರ, ಎರಡನೇ ಮಹಾಯುದ್ಧದ ಜರ್ಮನ್ ಯುದ್ಧನೌಕೆ ಬಿಸ್ಮಾರ್ಕ್‌ನಿಂದಲೇ ಶುರು ಮಾಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ.

ಈ ಹವ್ಯಾಸ ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ. ಅಲ್ಲಿನವರ ಅಳತೆ 1:144, ಅಂದರೆ ಉದ್ದದಲ್ಲಿ ನಿಜವಾದ ಹಡಗಿನ 144ನೇ ಒಂದು ಪಾಲು. ಆ ಲೆಕ್ಕಕ್ಕೆ 251 ಮೀಟರಿನ ಬಿಸ್ಮಾರ್ಕ್ ಒಂದೂಮುಕ್ಕಾಲು ಮೀಟರ್ ಉದ್ದ ಬರುತ್ತದೆ, ತೂಕ 16 ಕಿಲೋ ದಾಟುತ್ತದೆ. ಅದಕ್ಕೆ ಕೆರೆಯೇ ಬೇಕು. ಅಂತರಗಂಗೆ ಕಟ್ಟಿಕೊಂಡ ನಮ್ಮ ಕೆರೆಗಳಲ್ಲಿ ಮುಳುಗಿದ್ದನ್ನು ಹುಡುಕಿ ತೆಗೆಯುವುದು ಆಗದ ಕೆಲಸ. ಅದಕ್ಕೇ ನಾನು 1:300ಕ್ಕೆ ಇಳಿದೆ.

ಇಳಿದ ಮೇಲೆ ಎಲ್ಲವೂ ತೂಕದ ಮೇಲೆ ನಿಲ್ಲುತ್ತದೆ. ಉದ್ದ ಅರ್ಧ ಆದರೆ ತೂಕ ಎಂಟನೇ ಒಂದು ಪಾಲಾಗುತ್ತದೆ. 1:300ಕ್ಕೆ ಸುಲಭದ ಲೆಕ್ಕ ಇದೆ: ನಿಜವಾದ ಹಡಗು ಎಷ್ಟು ಟನ್ನೋ ಅದನ್ನು 27ರಿಂದ ಭಾಗಿಸಿ, ಮಾದರಿಯ ತೂಕ ಗ್ರಾಂನಲ್ಲಿ ಸಿಗುತ್ತದೆ. ಸುಮಾರು 2,500 ಟನ್ನಿನ ಫ್ಲೆಚರ್ ಅನ್ನುವ ಅಮೆರಿಕದ ಸಣ್ಣ ಯುದ್ಧನೌಕೆಗೆ (ಡಿಸ್ಟ್ರಾಯರ್) 93 ಗ್ರಾಂ. ಅಷ್ಟರಲ್ಲಿ ಮೋಟರು, ಬ್ಯಾಟರಿ, ಒಳಬಂದ ನೀರು ಹೊರಹಾಕುವ ಪಂಪು, ಗನ್ನು ಎಲ್ಲಾ ಸೇರಿಸುವುದು ನನ್ನ ಕೈಲಿ ಆಗಲಿಲ್ಲ.

ನಿಮಗೆ ನಾನು ಹೇಳುವುದು ಹಳೆಯ ಐಎನ್‌ಎಸ್ ಮೈಸೂರು. ಬ್ರಿಟನ್ನಿನ ಎಚ್‌ಎಂಎಸ್ ನೈಜೀರಿಯಾ ಅನ್ನುವ ಕ್ರೂಸರ್ (ಮಧ್ಯಮ ಗಾತ್ರದ ಯುದ್ಧನೌಕೆ), 1957ರಲ್ಲಿ ಈ ಹೆಸರಿನಿಂದ ನಮ್ಮ ನೌಕಾಪಡೆಗೆ ಸೇರಿತು. 169 ಮೀಟರ್ ಉದ್ದ, ಸುಮಾರು 19 ಮೀಟರ್ ಅಗಲ, 10,000 ಟನ್ ಆಸುಪಾಸು. ಮಾದರಿ 56 ಸೆಂ.ಮೀ. ಉದ್ದ, 6.3 ಸೆಂ.ಮೀ. ಅಗಲ, 370 ಗ್ರಾಂ. ಈಗಿನ ಐಎನ್‌ಎಸ್ ಮೈಸೂರಿನ ಲಾಂಛನದಲ್ಲಿ ನಮ್ಮ ಗಂಡಭೇರುಂಡವೇ ಇದೆ. ಅದನ್ನು ಪುಟ್ಟದಾಗಿ ಬರೆದು ನನ್ನ ಹಳೆಯ ಮೈಸೂರಿನ ಡೆಕ್ಕಿಗೂ ಅಂಟಿಸಿದ್ದೇನೆ.

ಮರ ಕತ್ತರಿಸುವ ಮುಂಚೆ ತೂಕದ ಚೀಟಿ ಬರೆಯಿರಿ. ನನ್ನದು ಹೀಗಿತ್ತು: ಆಟಿಕೆಗಳಲ್ಲಿ ಬರುವ ‘130’ ಸೈಜಿನ ಮೋಟರು ಎರಡಕ್ಕೆ 34 ಗ್ರಾಂ, ಎರಡು ಸೆಲ್ಲಿನ ಸಣ್ಣ ಲಿಪೊ ಬ್ಯಾಟರಿ 30, ಪಂಪು 28, 9 ಗ್ರಾಂನ ಸರ್ವೊ (ರಿಮೋಟಿಗೆ ತಕ್ಕಂತೆ ಸಣ್ಣ ತೋಳು ತಿರುಗಿಸುವ ಮೋಟರು) ಮೂರು, ರಿಸೀವರ್ ಮತ್ತು ಸ್ಪೀಡ್ ಕಂಟ್ರೋಲರ್ ಸೇರಿ 35. ಸುಮಾರು 155 ಆಯಿತು. ಉಳಿದಿದ್ದರಲ್ಲಿ ಹಲ್ (ನೌಕೆಯ ಒಡಲು), ಡೆಕ್, ಗನ್ನು. ಬಿಡಿಭಾಗ ಕೊಳ್ಳಲು ಎಸ್‌ಪಿ ರೋಡಿಗೆ ಹೋಗುವಾಗ ಜೇಬಿನಲ್ಲಿ ಸಣ್ಣ ತಕ್ಕಡಿ ಇಟ್ಟುಕೊಳ್ಳಿ, ಪ್ಯಾಕೆಟ್ ಮೇಲಿನ ತೂಕ ನಂಬಬೇಡಿ.

ಭಾರವೆಲ್ಲ ತಳದಲ್ಲಿರಲಿ. ನನ್ನ ಮೊದಲ ನೌಕೆಯಲ್ಲಿ ಡೆಕ್ ಮೇಲಿನ ಕಟ್ಟಡ, ಚಿಮಣಿ ಎಲ್ಲ 3ಡಿ ಪ್ರಿಂಟ್ ಮಾಡಿ ಕೂರಿಸಿದ್ದೆ. ಮೊದಲ ತಿರುವಿನಲ್ಲೇ ಮಗುಚಿಕೊಂಡಿತು. ಈಗ ಅದನ್ನೆಲ್ಲ ತೆಳುವಾದ, ಹಗುರ ಬಾಲ್ಸಾ ಮರದಲ್ಲೇ ಮಾಡುತ್ತೇನೆ.

ಒಳಗೆ ನುಗ್ಗುವ ನೀರಿನ ಕಡೆ ಜಾಸ್ತಿ ಗಮನ ಕೊಡಿ. ಹಲ್ ಖಾಲಿ ತೊಟ್ಟಿಯ ಹಾಗಿದ್ದರೆ ಸ್ವಲ್ಪ ನೀರು ಬಂದರೂ ಒಂದೇ ಕಡೆಗೆ ಹರಿದು ನೌಕೆ ಮಗುಚುತ್ತದೆ. ತಳದ ಎರಡೂ ಬದಿಗೆ ಥರ್ಮೊಕೋಲ್ ಪಟ್ಟಿ ಅಂಟಿಸಿ, ನಡುವೆ ಒಂದೂವರೆ ಸೆಂ.ಮೀ. ಕಾಲುವೆ ಬಿಡಿ. ನೀರು ಅದರಲ್ಲೇ ಓಡಿ ಪಂಪಿನ ಹತ್ತಿರ ಸೇರಬೇಕು. 1:144ರ ದೊಡ್ಡ ಮಾದರಿಯವರೂ ಹೀಗೇ ಕಾಲುವೆ ಬಿಡುತ್ತಾರೆ.

ಪಂಪಿನ ಲೆಕ್ಕ ನನಗೆ ಆಶ್ಚರ್ಯ ತಂದಿತು. ನೀರಿನ ಮಟ್ಟದಿಂದ ಒಂದು ಸೆಂ.ಮೀ. ಕೆಳಗೆ 3 ಮಿ.ಮೀ. ತೂತು ಬಿದ್ದರೆ ನಿಮಿಷಕ್ಕೆ ಸುಮಾರು 110 ಮಿ.ಲೀ. ನೀರು ಒಳಗೆ ಬರುತ್ತದೆ. ಅಂಗಡಿಯ ಸಣ್ಣ ಪಂಪು ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು ಎಳೆಯುತ್ತದೆ. ಹತ್ತು ತೂತು ಬಿದ್ದರೂ ಯಾರೂ ಮುಳುಗಲ್ಲ, ಆಟವೇ ಸತ್ತುಹೋಗುತ್ತದೆ, ಅಲ್ವಾ? ಹೊರಗೆ ಹೋಗುವ ಕೊಳವೆಯ ಬಾಯಿ ಕಿರಿದು ಮಾಡಿ, ನಿಮಿಷಕ್ಕೆ 200 ಮಿ.ಲೀ. ಮಾತ್ರ ಬರುವ ಹಾಗೆ ಅಳತೆ ಲೋಟದಲ್ಲಿ ನೋಡಿಕೊಳ್ಳಿ. ಎದುರಾಳಿಗೂ ಅದೇ ಮಿತಿ.

ಗನ್ನಿಗೆ ಗ್ಯಾಸ್ ಬೇಡ. 3.5 ಮಿ.ಮೀ. ಒಳ ಅಗಲದ ಹಿತ್ತಾಳೆ ಕೊಳವೆ, ಬಾಲ್ ಪೆನ್ನಿನ ಸ್ಪ್ರಿಂಗು, ಕೊಕ್ಕೆ ಬಿಡಿಸಲು ಸರ್ವೊ. ಗುಂಡಿಗೆ ಸೈಕಲ್ ಫ್ರೀವೀಲಿನ 1/8 ಇಂಚಿನ ಬಾಲ್ಸ್ ಸಾಕು. ಹಲ್‌ನ ಪಕ್ಕಕ್ಕೆ ಮರ ಹೊದಿಸಬೇಡಿ, ಈ ಸ್ಪ್ರಿಂಗಿಗೆ ಅದು ತೂತಾಗಲ್ಲ. ಹಲ್‌ನ ಪಕ್ಕೆಲುಬಿನಂಥ ಪಟ್ಟಿಗಳ (ರಿಬ್) ಮೇಲೆ ಗಾಳಿಪಟದ ಕಾಗದ ಅಂಟಿಸಿ ಎರಡು ಕೋಟ್ ಕ್ಲಿಯರ್ ಲ್ಯಾಕರ್ ಹಚ್ಚಿ. ಒಂದೇ ಕೋಟ್ ಆದರೆ ಕಾಲು ಗಂಟೆಯಲ್ಲಿ ನೆನೆದು ಜೋತುಬೀಳುತ್ತದೆ. ಕೊಳವೆಯ ಮೂತಿ ಸ್ವಲ್ಪ ಕೆಳಗೆ ಬಾಗಿರಲಿ, ಗುಂಡು ಮೇಲಕ್ಕೆ ಹಾರಬಾರದು. ಸುತ್ತ ನಿಂತ ಮಕ್ಕಳೂ ಸೇರಿ ಎಲ್ಲರಿಗೂ ಸುರಕ್ಷತಾ ಕನ್ನಡಕ ಕಡ್ಡಾಯ. ನೌಕೆ ನೀರಿಗೆ ಇಳಿಯುವವರೆಗೆ ಗನ್ನು ಹಾರದಂತೆ ತಡೆಯುವ ಪಿನ್ನು ತೆಗೆಯಬಾರದು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ರಿಸೀವರಿನ ಆಂಟೆನಾ ನೌಕೆಯ ಮಾಸ್ಟಿಗೆ (ಮೇಲಿನ ಕಂಬಕ್ಕೆ) ಏರಿಸಿ. ರಿಮೋಟಿನ 2.4 ಗಿಗಾಹರ್ಟ್ಸ್ ಸಿಗ್ನಲ್ ನೀರಿನೊಳಗೆ ಹೋಗಲ್ಲ.

ಇನ್ನು ಕೊಳ. ಇಟ್ಟಿಗೆ ಜೋಡಿಸಿ ಟಾರ್ಪಾಲಿನ್ ಹಾಸಿದರೆ ಆಯಿತು. ಆದರೆ 10 ಸೆಂ.ಮೀ.ಗಿಂತ ಆಳ ಬೇಡ. ಅಷ್ಟಕ್ಕೇ ಚದರ ಮೀಟರಿಗೆ 100 ಕಿಲೋ ಭಾರ ಟೆರೇಸಿನ ಮೇಲೆ ಬೀಳುತ್ತದೆ. ಹಳೆಯ ಕಟ್ಟಡ ಆದರೆ ಎಂಜಿನಿಯರನ್ನು ಕೇಳದೆ ತುಂಬಬೇಡಿ, ಸುಮ್ನೆ ನೆಲದ ಮೇಲೇ ಮಾಡಿ. ಮೂರು ಮೀಟರ್‌ಗೆ ಎರಡು ಮೀಟರ್ ಕೊಳಕ್ಕೆ 600 ಲೀಟರ್ ಹಿಡಿಯುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ನೀರಿನ ಬರ ನೋಡಿದ ಮೇಲೆ ನಾನು ಮಳೆನೀರನ್ನೇ ಹಿಡಿದು ತುಂಬುತ್ತೇನೆ, ಆಟ ಮುಗಿದ ಮೇಲೆ ಗಿಡಗಳಿಗೆ ಬಿಡುತ್ತೇನೆ.

ಎದುರಾಳಿ ಯಾರು ಅಂತಲೂ ಕೇಳಿದ್ದೀರಿ. ನಿಮ್ಮ ಸ್ನೇಹಿತರು ಜರ್ಮನ್ ಯುದ್ಧನೌಕೆ ಗ್ರಾಫ್ ಶ್ಪೇ ಕಟ್ಟಲಿ, 62 ಸೆಂ.ಮೀ. ಬರುತ್ತದೆ. ನಾನು ಹಳೆಯ ಐಎನ್‌ಎಸ್ ಡೆಲ್ಲಿಯ ಮಾದರಿ ತರುತ್ತೇನೆ. 1948ರಲ್ಲಿ ನಮಗೆ ಬರುವ ಮುಂಚೆ ಅದು ಎಚ್‌ಎಂಎಸ್ ಅಕಿಲೀಸ್ ಆಗಿತ್ತು, 1939ರ ಡಿಸೆಂಬರಿನಲ್ಲಿ ದಕ್ಷಿಣ ಅಮೆರಿಕದ ರಿವರ್ ಪ್ಲೇಟ್ ನದೀಮುಖದ ಹತ್ತಿರ ಇದೇ ಗ್ರಾಫ್ ಶ್ಪೇ ಜೊತೆ ಹೋರಾಡಿದ ಹಡಗು.

ಹಲ್ ಮುಗಿದ ತಕ್ಷಣ, ಕಾಗದ ಅಂಟಿಸುವ ಮುಂಚೆ, ತಕ್ಕಡಿ ಮೇಲಿಟ್ಟು ಫೋಟೋ ಹಾಕಿ. 90 ಗ್ರಾಂ ದಾಟಿದ್ದರೆ ಎಲ್ಲಿ ಕೊರೆದು ಇಳಿಸಬಹುದು ಅಂತ ಗುರುತು ಮಾಡಿ ಕಳಿಸುತ್ತೇನೆ.