ನೆಟ್ ಸರಿಯಿಲ್ಲದ ಊರಲ್ಲಿ ವಾರ್‌ಲಾಕ್ ಆಡಬಹುದಾ?

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಎಂಬ ಆನ್‌ಲೈನ್ ಆಟ ಈಗಷ್ಟೇ ಶುರು ಮಾಡ್ತಿದ್ದೀರಿ, ಅದರಲ್ಲಿ ವಾರ್‌ಲಾಕ್, ಅಂದರೆ ಮಾಟಗಾರನ ಪಾತ್ರ, ಇಷ್ಟವಾಗಿದೆ, ಆದರೆ ಗೆಳೆಯರೆಲ್ಲ ಬೆಂಕಿ, ಹಿಮದ ಮಂತ್ರ ಹಾಕುವ ಮೇಜ್ (mage) ಪಾತ್ರ ತಗೋ ಅಂತಿದ್ದಾರೆ ಅಂದಿದ್ದೀರಿ. ಮಾಟಗಾರನ ಪಾತ್ರ ಒಂಟಿಯಾಗಿ ಆಡುವವರಿಗೆ ಮಾತ್ರವಾ, ನಮ್ಮೂರಿನ ನೆಟ್‌ಗೆ ಹೊಂದುತ್ತಾ ಅಂತಲೂ ಕೇಳಿದ್ದೀರಿ.

ವಾರ್‌ಲಾಕನ್ನೇ ತಗೊಳ್ಳಿ. ನಾನು ಮೂಡಿಗೆರೆ ಹತ್ತಿರದ ತೋಟದ ಮನೆಯಿಂದ ಆಡುವವನು. ಕ್ಲಾಸಿಕ್ ಬಂದಿದ್ದು 2019ರ ಆಗಸ್ಟ್ ಕೊನೆಯಲ್ಲಿ. ಅದೇ ತಿಂಗಳು ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿದಿತ್ತು. ಕರೆಂಟ್, ನೆಟ್ ಎರಡೂ ಸರಿಯಾದ ಮೇಲೆ ನಾನು ಶುರು ಮಾಡಿದೆ. ಅವತ್ತಿನಿಂದ ಇವತ್ತಿನವರೆಗೂ ಇದೇ ಪಾತ್ರ.

ಮೊದಲು ನೆಟ್ ವಿಷಯ. ನಾನು ಆಡುವ ಸರ್ವರ್ ಯುರೋಪಿನಲ್ಲಿದೆ. ಮಳೆಗಾಲದಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಆಡಿದರೆ ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ) ಎಲ್ಲಿಂದೆಲ್ಲಿಗೋ ಹಾರುತ್ತದೆ. ಮೇಜ್ ಆದರೆ ಶತ್ರು ಹತ್ತಿರ ಬರುವ ಮೊದಲೇ ಹೊಡೆದು, ಹಿಂದೆ ಸರಿದು, ಮತ್ತೆ ಹೊಡೆಯಬೇಕು. ನೆಟ್ ತಡವಾಗಿ ಲ್ಯಾಗ್ ಬಂತೋ, ಸತ್ತೆವು. ವಾರ್‌ಲಾಕ್‌ನ ಕೆಲಸ ಬೇರೆ ಥರ. ಕರಪ್ಶನ್ ಎಂಬ ಮಂತ್ರ ಒಮ್ಮೆ ಹಾಕಿದರೆ ಶತ್ರುವಿನ ಹೆಲ್ತ್ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ, ಶುರುವಿನಲ್ಲಿ 12 ಸೆಕೆಂಡ್, ಮೇಲಿನ ಹಂತಗಳಲ್ಲಿ 18 ಸೆಕೆಂಡ್ ಕೆಲಸ ಮಾಡುತ್ತದೆ. ಕರ್ಸ್ ಆಫ್ ಆಗನಿ ಎಂಬ ಶಾಪ 24 ಸೆಕೆಂಡ್. ಲೆಕ್ಕವೆಲ್ಲ ಸರ್ವರ್‌ನಲ್ಲೇ ನಡೆಯುತ್ತದೆ. ನಿಮ್ಮ ಸ್ಕ್ರೀನ್ ಎರಡು ಸೆಕೆಂಡ್ ನಿಂತರೂ ಶತ್ರುವಿನ ಹೆಲ್ತ್ ಇಳಿಯುತ್ತಲೇ ಇರುತ್ತದೆ. ಮೇಜ್‌ದು ಆಲಿಕಲ್ಲು ಮಳೆ. ನಮ್ಮದು ಆರಿದ್ರಾ ಮಳೆ, ಹಿಡಿದರೆ ಬಿಡುವುದಿಲ್ಲ.

ಕರಪ್ಶನ್ ಹಾಕಲು ಶುರುವಿನಲ್ಲಿ 2 ಸೆಕೆಂಡ್ ಬೇಕು. 10ನೇ ಲೆವೆಲ್‌ನಿಂದ ಸಿಗುವ ಮೊದಲ ಐದು ಟ್ಯಾಲೆಂಟ್ ಪಾಯಿಂಟ್‌ಗಳನ್ನು (ಪಾತ್ರದ ಶಕ್ತಿ ಹೆಚ್ಚಿಸುವ ಅಂಕಗಳು) ಅಫ್ಲಿಕ್ಷನ್ ಎಂಬ ಕವಲಿನ ಇಂಪ್ರೂವ್ಡ್ ಕರಪ್ಶನ್‌ಗೇ ಹಾಕಿ. ಆಮೇಲೆ ಅದು ತಕ್ಷಣ ಬೀಳುತ್ತದೆ, ನಡೆದುಕೊಂಡೇ ಹಾಕಬಹುದು. 10ರಲ್ಲೇ ವಾಯ್ಡ್‌ವಾಕರ್ ಎಂಬ ನೀಲಿ ಭೂತ ಸಿಗುತ್ತದೆ. ಅದನ್ನು ಮುಂದೆ ಬಿಡಿ, ಅದು ಒಂದೆರಡು ಏಟು ಕೊಡುವವರೆಗೂ ತಡೆಯಿರಿ. ಆಮೇಲೆ ಕರಪ್ಶನ್, ಕರ್ಸ್, ಉಳಿದಿದ್ದನ್ನು ವ್ಯಾಂಡ್ (ಮಂತ್ರದಂಡ) ಮುಗಿಸುತ್ತದೆ. ಅವಸರ ಮಾಡಿದರೆ ಶತ್ರು ಭೂತವನ್ನು ಬಿಟ್ಟು ನಿಮ್ಮ ಮೇಲೆ ತಿರುಗುತ್ತದೆ.

ಈಗ ನಿಮ್ಮ ಒಂಟಿತನದ ಪ್ರಶ್ನೆ. ನನಗೆ ಈ ಪಾತ್ರ ಇಷ್ಟವಾಗಿದ್ದೇ ಇಲ್ಲಿ. ಮಾಟ, ಶಾಪ, ಭೂತ ಅಂತ ಕೇಳಿದರೆ ಇವನು ಸ್ವಾರ್ಥಿ ಅನಿಸುತ್ತೆ, ಅಲ್ವಾ? ಆದರೆ ಗುಂಪಿಗೆ ಇವನಷ್ಟು ಕೊಡುವವರು ಕಡಿಮೆ. ಸಾಯುತ್ತಿರುವ ಶತ್ರುವಿನ ಮೇಲೆ ಡ್ರೈನ್ ಸೋಲ್ ಮಂತ್ರ ಹಿಡಿದರೆ ಸೋಲ್ ಶಾರ್ಡ್ ಎಂಬ ಆತ್ಮದ ಚೂರು ಒಂದು ಸಿಗುತ್ತದೆ. ನಿಮಗಿಂತ ತೀರಾ ಕೆಳಗಿನ ಲೆವೆಲ್‌ನವರಿಂದ ಸಿಗುವುದಿಲ್ಲ. ಒಂದೊಂದು ಶಾರ್ಡ್ ಚೀಲದಲ್ಲಿ ಒಂದೊಂದು ಜಾಗ ತಿನ್ನುತ್ತದೆ, ಒಂದರ ಮೇಲೊಂದು ಪೇರಿಸಲು ಆಗುವುದಿಲ್ಲ. ಹೊಸಬರಿಗೆ ಇದು ಕಿರಿಕಿರಿ. ಆದರೂ ಡಂಜನ್‌ಗೆ (ಐವರು ಗುಂಪಾಗಿ ನುಗ್ಗುವ ಶತ್ರುಗಳ ಅಡ್ಡೆ) ಹೋಗುವ ಮೊದಲು ಅರ್ಧ ಗಂಟೆ ಕೂತು ಶಾರ್ಡ್ ಕೂಡಿಸಿಕೊಳ್ಳಿ. ಅದರಿಂದಲೇ ಗುಂಪಿನವರಿಗೆ ಹೆಲ್ತ್ ತುಂಬುವ ಹೆಲ್ತ್‌ಸ್ಟೋನ್ ಮಾಡಿಕೊಡುತ್ತೀರಿ. ಅದರಿಂದಲೇ ಸೋಲ್‌ಸ್ಟೋನ್. ಇದನ್ನು ಯಾವಾಗಲೂ ಹೀಲರ್, ಅಂದರೆ ಗುಂಪಿನವರ ಹೆಲ್ತ್ ತುಂಬುವವರ ಮೇಲೆ ಹಾಕಿ. ಎಲ್ಲರೂ ಸತ್ತರೂ ಹೀಲರ್ ಅಲ್ಲೇ ಎದ್ದು ಉಳಿದವರನ್ನು ಎಬ್ಬಿಸುತ್ತಾರೆ. ಇದು ಅರ್ಧ ಗಂಟೆಗೊಮ್ಮೆ ಮಾತ್ರ ಆಗುವ ಕೆಲಸ, ಸುಮ್ನೆ ಹಾಳು ಮಾಡಬೇಡಿ.

ಲೈಫ್ ಟ್ಯಾಪ್ ಬಗ್ಗೆ ಒಂದು ಮಾತು. ನಿಮ್ಮ ಹೆಲ್ತ್ ಕೊಟ್ಟು ಮಾನಾ (ಮಂತ್ರ ಹಾಕಲು ಬೇಕಾದ ಶಕ್ತಿ) ಪಡೆಯುವ ಮಂತ್ರ ಅದು. ಒಂಟಿಯಾಗಿದ್ದಾಗ ಅಷ್ಟು ಒಳ್ಳೆಯ ಮಂತ್ರ ಇನ್ನೊಂದಿಲ್ಲ. ಗುಂಪಿನಲ್ಲಿ ಹೀಲರ್‌ನ ಮಾನಾ ನೋಡಿಕೊಂಡು ಬಳಸಿ. ನನ್ನ ಗುಂಪಿನ ಹೀಲರ್, ಪ್ರೀಸ್ಟ್ ಪಾತ್ರದವನು, ಹಾಸನದ ಗೆಳೆಯ. ಶುರುವಿನಲ್ಲಿ ನಾನು ಒಂದೇ ಸಮ ಟ್ಯಾಪ್ ಮಾಡುತ್ತಿದ್ದೆ, ಅವನು ನನ್ನನ್ನು ತುಂಬಿಸುವುದರಲ್ಲೇ ಖಾಲಿಯಾಗುತ್ತಿದ್ದ. ಒಂದು ದಿನ ಬೇಜಾರಾಗಿ ಹೇಳಿದ, "ಮಾರಾಯ, ಬ್ಯಾಂಡೇಜ್ ಕಟ್ಟೋದು ಕಲಿ." ಅವತ್ತೇ ಫಸ್ಟ್ ಏಡ್ ಕಲಿತೆ. ನೀವೂ ಕಲಿಯಿರಿ.

ಶತ್ರುವನ್ನು ಹೆದರಿಸಿ ಓಡಿಸುವ ಫಿಯರ್ ಮಂತ್ರವನ್ನು ಡಂಜನ್ ಒಳಗೆ ಹಾಕಬೇಡಿ. ಡೆಡ್‌ಮೈನ್ಸ್ ಎಂಬ ಡಂಜನ್‌ನಲ್ಲಿ ನಾನು ಒಬ್ಬ ಕಳ್ಳನಿಗೆ ಹಾಕಿದೆ. ಅವನು ಹೆದರಿ ಓಡಿಹೋಗಿ, ಮುಂದೆ ನಿಂತಿದ್ದವರನ್ನೆಲ್ಲ ಎಬ್ಬಿಸಿಕೊಂಡು ಬಂದ. ಐದೂ ಜನ ಸತ್ತೆವು. ಅದು ಪೂರ್ತಿ ನನ್ನ ತಪ್ಪು.

40ನೇ ಲೆವೆಲ್‌ನಲ್ಲಿ ನಿಮ್ಮದೇ ಕುದುರೆ ಮಂತ್ರವಾಗಿ ಸಿಗುತ್ತದೆ. ಬೇರೆಯವರಲ್ಲಿ ಹೆಚ್ಚಿನವರು ಅದಕ್ಕೆ ಚಿನ್ನ ಕೂಡಿಡಬೇಕು. ಆದರೆ ನಾನು ಕಾದಿದ್ದು ಕುದುರೆಗಲ್ಲ, 20ರಲ್ಲಿ ಬರುವ ರಿಚುವಲ್ ಆಫ್ ಸಮನಿಂಗ್‌ಗೆ. ಒಂದು ಶಾರ್ಡ್, ನಿಮ್ಮ ಜೊತೆ ಇನ್ನಿಬ್ಬರು ಇದ್ದರೆ ಸಾಕು. ದೂರ ಇರುವ ಗೆಳೆಯನನ್ನು ನೀವಿದ್ದಲ್ಲಿಗೇ ಕರೆಸಿಕೊಳ್ಳಬಹುದು.

ನಮ್ಮ ಪ್ರೀಸ್ಟ್‌ಗೆ ಹಾಸನದಲ್ಲಿ ಅಂಗಡಿ ಇದೆ. ಬಾಗಿಲು ಹಾಕಿ ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಬೇಲೂರು ದಾಟಿ ಅವನು ನಮ್ಮನೆಗೆ ಬರುವುದು ವರ್ಷಕ್ಕೆ ಒಂದು ಸಲ ಆದರೆ ಹೆಚ್ಚು. ಆಟದಲ್ಲಿ ಮಾತ್ರ ನಾವು ನಾಲ್ವರು ಡಂಜನ್ ಬಾಗಿಲಲ್ಲಿ ಕಾಯುತ್ತಿರುತ್ತೇವೆ. ಅವನು ಲಾಗಿನ್ ಆದ ಕೂಡಲೇ ನಾನು ಮಂತ್ರ ಶುರು ಮಾಡುತ್ತೇನೆ, ಇನ್ನಿಬ್ಬರು ಕೈ ಜೋಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಅವನು ನಮ್ಮ ಮಧ್ಯೆ ನಿಂತಿರುತ್ತಾನೆ. "ಊಟ ಆಯ್ತಾ?" ಅಂತ ಕೇಳುತ್ತಾನೆ. ನಾನು ಅವನ ಮೇಲೆ ಸೋಲ್‌ಸ್ಟೋನ್ ಹಾಕುತ್ತೇನೆ, ಒಳಗೆ ಹೋಗುತ್ತೇವೆ.