ಡಯಾನಾ ಕಾರಂಜಿಗೆ ಕಾಲಿಡಬಹುದೇ?

ಪ್ರಶ್ನೆ: ಲಂಡನ್ನಿನ ಹೈಡ್ ಪಾರ್ಕಿನಲ್ಲಿರುವ ರಾಜಕುಮಾರಿ ಡಯಾನಾ ಸ್ಮಾರಕ ಕಾರಂಜಿಯ ಫೋಟೊ ನೋಡಿದೆ. ನೀರು ಎಲ್ಲೂ ಚಿಮ್ಮುತ್ತಿಲ್ಲ, ಕಾಲುವೆ ಹರಿದ ಹಾಗಿದೆ. ಇದಕ್ಕೆ 36 ಲಕ್ಷ ಪೌಂಡ್ ಬೇಕಿತ್ತೇ?

ಉತ್ತರ: ಚಿಮ್ಮದಂತೆ ಬೇಕೆಂದೇ ಕಟ್ಟಿದ್ದಾರೆ. ವಿನ್ಯಾಸ ಅಮೆರಿಕದ ಕ್ಯಾಥರಿನ್ ಗುಸ್ತಾಫ್ಸನ್ ಅವರದು. ಇಳಿಜಾರು ಹುಲ್ಲುಹಾಸಿನ ಮೇಲೆ ಸುಮಾರು 50 ಮೀಟರ್ ಅಗಲ, 80 ಮೀಟರ್ ಉದ್ದದ ಅಂಡಾಕಾರದ ಕಲ್ಲುಬಳೆ ಇಟ್ಟಂತಿದೆ. ಪಂಪುಗಳು ಸೆಕೆಂಡಿಗೆ 100 ಲೀಟರ್ ನೀರನ್ನು ಮೇಲ್ತುದಿಗೆ ಒತ್ತುತ್ತವೆ. ಅಲ್ಲಿಂದ ನೀರು ಎರಡು ಕವಲಾಗಿ ಇಳಿದು ಕೆಳಗಿನ ಶಾಂತ ಕೊಳದಲ್ಲಿ ಮತ್ತೆ ಕೂಡುತ್ತದೆ.

ಕೆಲಸದ ಹೆಚ್ಚುಗಾರಿಕೆ ಇರುವುದು ಕಾಲುವೆಯ ತಳದಲ್ಲಿ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗ್ರಾನೈಟಿನ 545 ತುಂಡುಗಳನ್ನು ಕಂಪ್ಯೂಟರ್ ನಿಯಂತ್ರಿಸುವ ಯಂತ್ರಗಳಲ್ಲಿ ಕೊರೆದು ಜೋಡಿಸಿದ್ದಾರೆ. ಒಂದೆಡೆ ಮೆಟ್ಟಿಲು, ಇನ್ನೊಂದೆಡೆ ಏಣು, ಮತ್ತೊಂದೆಡೆ ಗುಳ್ಳೆಯೇಳಿಸುವ ಗಾಳಿ. ಒಂದು ಭಾಗದ ಹೆಸರೇ ‘ಚಾದರ್’. ಮೊಘಲ್ ತೋಟಗಳಲ್ಲಿ ಓರೆಯಾದ ಕೆತ್ತನೆಗಲ್ಲಿನ ಮೇಲೆ ನೀರು ತೆಳ್ಳಗೆ ಹಾಸಿ ಇಳಿಯುತ್ತದಲ್ಲ, ಅದೇ. ದಂಡೆಗುಂಟ ನಡೆಯುತ್ತ ಹೋದರೆ ನೀರಿನ ಸದ್ದು ಬದಲಾಗುತ್ತ ಹೋಗುತ್ತದೆ. ಫೋಟೊದಲ್ಲಿ ಇದು ಸಿಕ್ಕುವುದಿಲ್ಲ.

ಪ್ರಶ್ನೆ: ಉದ್ಘಾಟನೆಯಾದ ತಿಂಗಳಲ್ಲೇ ಮುಚ್ಚಿದ್ದು ಯಾಕೆ? ಕಲ್ಲೇ ಕಳಪೆಯೇ?

ಉತ್ತರ: ಕಲ್ಲು ಗಟ್ಟಿಯಾಗಿಯೇ ಇದೆ. 2004ರ ಜುಲೈ 6ರಂದು ರಾಣಿ ಎರಡನೇ ಎಲಿಜಬೆತ್ ಉದ್ಘಾಟಿಸಿದರು. ಮೊದಲ ತೊಂದರೆ ಎಲೆಯದು. ಮಳೆಗಾಳಿಗೆ ಉದುರಿದ ಎಲೆಗಳು ನೀರು ಹೊರಹೋಗುವ ಜಾಲರಿಗೆ ಅಂಟಿದರೆ ಪಂಪಿಗೆ ಮರಳಬೇಕಾದ ನೀರು ದಾರಿ ಕಾಣದೆ ದಂಡೆ ಮೀರುತ್ತದೆ, ಹುಲ್ಲು ನೆನೆಯುತ್ತದೆ. ಅದರ ಮೇಲೆ ಸಾವಿರಾರು ಜನ ಓಡಾಡಿದರೆ ಕೆಸರು ಗ್ಯಾರಂಟಿ.

ಎರಡನೆಯದು ಪಾಚಿ. ಬಿಸಿಲು ಬೀಳುವ ತೆಳುನೀರಿನ ಕಲ್ಲಿನ ಮೇಲೆ ಪಾಚಿಯ ಲೋಳೆ ಬೇಗ ಕಟ್ಟುತ್ತದೆ. ಕಣ್ಣಿಗೆ ಕಾಣುವ ಮುನ್ನವೇ ಕಾಲಿಗೆ ತಿಳಿಯುತ್ತದೆ. ಇಳಿಜಾರು, ಹರಿವ ನೀರು, ಓಡುವ ಮಕ್ಕಳು ಮೂರೂ ಕೂಡಿದವು. ಮೂವರು ಜಾರಿಬಿದ್ದು ಗಾಯಗೊಂಡಾಗ ಜುಲೈ 22ರಂದು ಮುಚ್ಚಿದರು. ಆಗಸ್ಟಿನಲ್ಲಿ ಬೇಲಿ, ಕಾವಲಿನವರೊಂದಿಗೆ ತೆರೆದರು. ಆಮೇಲೆ ಕೆಸರಾಗದಂತೆ ಸುತ್ತಲಿನ ಹುಲ್ಲುಹಾಸಿನ ಕೆಲಸವೂ ನಡೆಯಿತು. ಇಷ್ಟು ಜನ ಒಮ್ಮೆಗೇ ನೀರಿಗಿಳಿಯುತ್ತಾರೆಂದು ಮೊದಲೇ ಲೆಕ್ಕ ಹಾಕಬೇಕಿತ್ತು. ತಪ್ಪು ಆಗಿದ್ದು ಅಲ್ಲಿ, ರೂಪದಲ್ಲಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಮಕ್ಕಳೊಂದಿಗೆ ಹೋಗುತ್ತಿದ್ದೇವೆ. ನೀರಿಗೆ ಬಿಡಬಹುದೇ?

ಉತ್ತರ: ದಂಡೆಯ ಮೇಲೆ ಕೂತು ಕಾಲು ಇಳಿಬಿಡಬಹುದು, ಕೈಯಾಡಿಸಬಹುದು. ನೀರಿನೊಳಗೆ ನಡೆಯಬಾರದು, ಓಡಬಾರದು. ಚಿಕ್ಕ ಮಕ್ಕಳನ್ನು ರಭಸ ಕಡಿಮೆಯಿರುವ ಕೆಳಗಿನ ಕೊಳದ ಬಳಿ ಕೂರಿಸಿ, ನೀವು ಪಕ್ಕದಲ್ಲೇ ಇರಿ. ಒದ್ದೆ ಕಾಲಿನಲ್ಲಿ ಕಲ್ಲಿನ ಮೇಲೆ ಎದ್ದು ನಿಲ್ಲುವಾಗಲೇ ಜಾರುವುದು ಹೆಚ್ಚು. ಮೊದಲು ಕಾಲನ್ನು ಹೊರಗಿನ ಹುಲ್ಲಿಗೆ ತಿರುಗಿಸಿ, ಆಮೇಲೆ ಏಳಲಿ. ಟವೆಲ್ ಒಯ್ಯಿರಿ. ಪ್ರವೇಶಕ್ಕೆ ಟಿಕೆಟ್ ಇಲ್ಲ.