ಟೆಂಡರ್ ಬೀಳದ ಲಾಟು

“ಹೆಣ್ಣಿನ ಸ್ವಭಾವವೇ ಹಾಗೆ ಮೇಡಂ, ವಿಜ್ಞಾನವೇ ಹೇಳಿದೆ.” ಬಲ, ಹಣ ಇರುವವನಿಗೇ ಹೆಣ್ಣು ಒಲಿಯುತ್ತಾಳೆ ಎಂಬರ್ಥದ ಈ ಮಾತನ್ನು, ಆಪ್ತಸಮಾಲೋಚಕಿಯಾದ ನಾನು ಒಂದೂವರೆ ವರ್ಷದಲ್ಲಿ ಏಳೆಂಟು ಜನರ ಬಾಯಲ್ಲಿ ಕೇಳಿದ್ದೇನೆ. ಎಲ್ಲರೂ ಮೂವತ್ತರ ಆಸುಪಾಸಿನ ಗಂಡಸರು, ಮದುವೆಯಾಗದವರು. ಒಬ್ಬರು ಸಾಫ್ಟ್‌ವೇರ್ ನೌಕರ, ಒಬ್ಬರು ಅತಿಥಿ ಉಪನ್ಯಾಸಕ, ಉಳಿದವರು ಹೊಲಮನೆ ನೋಡಿಕೊಂಡಿರುವವರು. ಮಾತು ಒಂದೇ ಅಚ್ಚಿನಲ್ಲಿ ತೆಗೆದಂತೆ ಇರುವುದಕ್ಕೆ ಕಾರಣವೂ ಒಂದೇ: ರಾತ್ರಿ ಹಾಸಿಗೆಯಲ್ಲಿ ಮೊಬೈಲಿನಲ್ಲಿ ನೋಡುವ ವೀಡಿಯೊಗಳು. ಅವರಲ್ಲೊಬ್ಬರ ಕಥೆಯನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ಜಮೀನಿನ ಲೆಕ್ಕ ಎಲ್ಲ ಬದಲಿಸಿದ್ದೇನೆ. ಮಲ್ಲಪ್ಪ ಎಂದಿಟ್ಟುಕೊಳ್ಳೋಣ.

ವಯಸ್ಸು ಮೂವತ್ತನಾಲ್ಕು, ಬಿ.ಎ. ಪದವಿ, ಹಾವೇರಿ ಜಿಲ್ಲೆಯಲ್ಲಿ ಎಂಟು ಎಕರೆ. ಮೆಣಸಿನಕಾಯಿ, ಗೋವಿನಜೋಳ ಬೆಳೆಯುತ್ತಾರೆ. ತಂದೆ ಇಲ್ಲ, ತಮ್ಮ ಬೆಂಗಳೂರಿನಲ್ಲಿದ್ದಾನೆ, ತಂಗಿಗೆ ಮದುವೆಯಾಗಿದೆ. ನಿದ್ದೆ ಬರುವುದಿಲ್ಲ ಎಂದು ಬಂದಿದ್ದರು. ಮೊದಲ ಎರಡು ಭೇಟಿಗಳಲ್ಲಿ ಊಟ, ಕುಡಿತ, ಸಾಯುವ ಯೋಚನೆ, ಹೀಗೆ ಕೇಳಲೇಬೇಕಾದುದನ್ನೆಲ್ಲ ಕೇಳಿ, ಮನೋವೈದ್ಯರಿಗೂ ತೋರಿಸಿ ಬರಲು ಕಳುಹಿಸಿದೆ. ಮಾತ್ರೆಯ ಅಗತ್ಯವಿಲ್ಲ ಎಂದು ಅವರು ಹೇಳಿ ಕಳುಹಿಸಿದರು.

ಮೂರನೆಯ ಸಲ ಬಂದಾಗ ಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಸ್ಕೇಲಿಟ್ಟು ಗೆರೆ ಎಳೆದ ಕಾಲಂಗಳು. ತಾರೀಖು, ಕನ್ಯೆಯ ಊರು, ಓದು, ಅವರ ಮನೆಯವರು ಹೇಳಿದ ಕಾರಣ. ಹದಿನಾರು ಸಾಲುಗಳಿದ್ದವು. “ಹುಡುಗಿಗೆ ಈಗಲೇ ಇಷ್ಟವಿಲ್ಲವಂತೆ”, “ಜಾತಕ ಕೂಡಲಿಲ್ಲ”, “ತಿಳಿಸುತ್ತೇವೆ ಎಂದರು”. ಕೊನೆಯ ಕಾಲಂ ಕೆಂಪು ಶಾಯಿಯದು. ಅದರಲ್ಲಿ ತಮಗೆ ತಾವೇ ಕೊಟ್ಟುಕೊಂಡ ಅಂಕಗಳಿದ್ದವು: ಎತ್ತರಕ್ಕೆ ಇಷ್ಟು, ಮೈಬಣ್ಣಕ್ಕೆ ಇಷ್ಟು, ಸಂಬಳಕ್ಕೆ ಸೊನ್ನೆ. ಮೊದಲ ಪುಟದಲ್ಲಿ ನೂರಕ್ಕೆ ಐವತ್ತೆರಡು ಇದ್ದದ್ದು ಕೊನೆಯ ಸಾಲಿಗೆ ಬರುವಾಗ ಇಪ್ಪತ್ತೆಂಟಕ್ಕೆ ಇಳಿದಿತ್ತು.

“ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರ್ ಬೀಳದ ಲಾಟು ಇರುತ್ತದಲ್ಲ ಮೇಡಂ, ಸಂಜೆ ಚೀಲ ಕಟ್ಟಿ ವಾಪಸ್ ಒಯ್ಯುವುದು. ನಾನು ಅದು,” ಎಂದರು. ಧ್ವನಿಯಲ್ಲಿ ಅಳು ಇರಲಿಲ್ಲ. ದರ ಹೇಳುವ ಧ್ವನಿ.

ನನ್ನ ಕೋಣೆ ಧಾರವಾಡದಲ್ಲಿ ಮೊದಲ ಮಹಡಿಯಲ್ಲಿದೆ. ಕಿಟಕಿಯಾಚೆ ಮಾವಿನ ಮರ, ಹಂಚಿನ ಮಾಡು. ಅಂದು ಮಾಡಿನ ಮೇಲೆ ಮುಸುವಗಳ ಗುಂಪು ಬಂದು ಕೂತಿತ್ತು. ಮಲ್ಲಪ್ಪ ಅತ್ತ ಕೈ ತೋರಿಸಿ ಹೇಳಿದರು: “ನೋಡಿ, ಒಂದೇ ದೊಡ್ಡ ಗಂಡು, ಉಳಿದವೆಲ್ಲ ಹೆಣ್ಣು. ಬಲ ಇದ್ದವನಿಗೆ ಎಲ್ಲ. ಮನುಷ್ಯರದೂ ಅದೇ. ತಪ್ಪು ಹೆಣ್ಣುಮಕ್ಕಳದಲ್ಲ, ಅವರ ಜೀನಿನದು.”

ಈ ಊರಿನ ಮುಸುವಗಳಿಗೆ ವಿಕಾಸವಾದದ ಚರಿತ್ರೆಯಲ್ಲಿ ಒಂದು ಜಾಗವಿದೆ. 1960ರ ದಶಕದ ಆರಂಭದಲ್ಲಿ ಜಪಾನಿನ ಸಂಶೋಧಕ ಯುಕಿಮಾರು ಸುಗಿಯಾಮಾ ಧಾರವಾಡದ ಸುತ್ತಮುತ್ತ ಇವುಗಳನ್ನು ನೋಡುತ್ತ ಕುಳಿತಿದ್ದರು. ಹೊರಗಿನ ಗಂಡು ಗುಂಪನ್ನು ಗೆದ್ದುಕೊಂಡಾಗ ಹಳೆಯ ಗಂಡಿನ ಮರಿಗಳನ್ನು ಕಚ್ಚಿ ಕೊಲ್ಲುವುದನ್ನು ಅವರು ದಾಖಲಿಸಿದರು. ಮುಂದಿನ ದಶಕದಲ್ಲಿ ರಾಜಸ್ಥಾನದ ಅಬು ಬೆಟ್ಟದಲ್ಲಿ ಅಮೆರಿಕದ ಸಂಶೋಧಕಿ ಸಾರಾ ಹರ್ಡಿ ಅಲ್ಲಿಯ ಮುಸುವಗಳನ್ನು ವರ್ಷಗಟ್ಟಲೆ ಗಮನಿಸಿದರು. ಹೆಣ್ಣುಗಳು ಏನು ಮಾಡುತ್ತವೆ ಎಂದೂ ನೋಡಿದರು. ಹೆಣ್ಣು ಮುಸುವ ಗೆದ್ದವನಿಗೆ ತಲೆ ಬಾಗಿಸಿ ಸುಮ್ಮನೆ ಕೂರುವುದಿಲ್ಲ. ಹೊರಗಿನ ಗಂಡುಗಳನ್ನೂ ತಾನಾಗಿಯೇ ಹುಡುಕಿಕೊಂಡು ಹೋಗುತ್ತದೆ. ಮರಿ ತನ್ನದೂ ಇರಬಹುದು ಎಂಬ ಸಂಶಯವಿರುವ ಗಂಡು ಅದನ್ನು ಕೊಲ್ಲಲು ಹಿಂಜರಿಯುತ್ತದೆ ಎಂಬುದು ಹರ್ಡಿ ಕೊಟ್ಟ ವಿವರಣೆ. ವೀಡಿಯೊಗಳಲ್ಲಿ ಬರುವ ‘ಗೆದ್ದವನಿಗೆ ಒಲಿಯುವ ಹೆಣ್ಣು’ ಆ ಮಂಗಗಳಲ್ಲೇ ಸರಿಯಾಗಿ ಸಿಗುವುದಿಲ್ಲ.

ಇದೆಲ್ಲ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ನಿದ್ದೆಗೆಟ್ಟವರಿಗೆ ಪಾಠ ಹೇಳಿ ಪ್ರಯೋಜನವಿಲ್ಲ. ನೋಟ್‌ಬುಕ್ ಮುಚ್ಚಿ, ತಂಗಿಯ ಮದುವೆ ಹೇಗಾಯಿತು ಎಂದು ಕೇಳಿದೆ.

ಅವರ ಮುಖ ಅರಳಿತು. ತಂದೆ ಹೋದ ಮೇಲೆ ತಾನೇ ಮುಂದೆ ನಿಂತು ಮಾಡಿದ ಮದುವೆ. ಅಳಿಯ ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಅದಕ್ಕೂ ಮೊದಲು ಹಾನಗಲ್ ಕಡೆಯಿಂದ ಒಂದು ಸಂಬಂಧ ಬಂದಿತ್ತು, ಒಳ್ಳೆಯ ಮನೆತನ, ಆರು ಎಕರೆ ನೀರಾವರಿ.

“ಅದೇಕೆ ಆಗಲಿಲ್ಲ?”

“ಬೇಡ ಎಂದೆವು.”

“ಎಂದೆವು ಎಂದರೆ ಯಾರು?”

ಸ್ವಲ್ಪ ಹೊತ್ತು ಬೇಕಾಯಿತು. “ನಾನೇ. ಹೊಲ ಮಾಡುವವನಿಗೆ ಕೊಡುವುದಿಲ್ಲ ಎಂದು ನಾನೇ ಹೇಳಿದೆ. ಅವ್ವನ ಸೊಂಟ ಹೊಲದಲ್ಲೇ ಹೋಗಿದೆ ಮೇಡಂ. ಬೆಳಗ್ಗೆ ಸಗಣಿ ಬಾಚಿ, ರೊಟ್ಟಿ ಬಡಿದು, ಬುತ್ತಿ ಹೊತ್ತು ಹೋದರೆ ಕತ್ತಲಾದ ಮೇಲೆ ಬರುತ್ತಿದ್ದಳು. ತಂಗಿಗೂ ಅದೇ ಆಗಬಾರದು ಎನ್ನಿಸಿತು.”

“ತಂಗಿಯನ್ನು ಕೇಳಿದ್ದಿರಾ?”

“ಅವಳನ್ನು ಏನು ಕೇಳುವುದು?”

ಆಗ ನಾನು ಹೇಳಿದ ಮಾತು ಬಿರುಸಾಯಿತೇನೋ: “ಹಾಗಾದರೆ ಹಾನಗಲ್ಲಿನ ಆ ಹುಡುಗನ ನೋಟ್‌ಬುಕ್ಕಿನಲ್ಲಿ ನಿಮ್ಮ ತಂಗಿಯ ಜೀನು ಬೇಡ ಎಂದಿತು ಎಂದು ಬರೆದಿರಬಹುದೇ?”

ಮಲ್ಲಪ್ಪ ನಗಲಿಲ್ಲ. ಕಿಟಕಿಯತ್ತ ನೋಡುತ್ತ ಕೂತರು. ಮುಸುವಗಳು ಆಗಲೇ ಹೋಗಿದ್ದವು, ಮಾಡಿನ ಮೇಲೆ ಎರಡು ಹಂಚು ಸರಿದಿದ್ದವು. ಕೊನೆಗೆ, “ಅವನ ಹೆಸರೂ ನೆನಪಿಲ್ಲ,” ಎಂದರು.

ಏಳುವ ಮೊದಲು ಇನ್ನೊಂದು ಕೇಳಿದೆ: ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಯಾರ ಹೆಸರಿದೆ? ತನ್ನದು, ತಮ್ಮನದು. ತಂಗಿ ಹಕ್ಕು ಬಿಟ್ಟುಕೊಟ್ಟು ಸಹಿ ಮಾಡಿದ್ದಾಳೆ. ಕರ್ನಾಟಕದಲ್ಲಿ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂಬ ತಿದ್ದುಪಡಿ 1994ರಲ್ಲೇ ಜಾರಿಗೆ ಬಂತು, ಇಡೀ ದೇಶಕ್ಕೆ 2005ರಲ್ಲಿ. ಸಹಿ ಮಾತ್ರ ಇನ್ನೂ ನಡೆದೇ ಇದೆ. ತವರಿನ ಮಣ್ಣಿನಲ್ಲಿ ಹೆಸರಿಲ್ಲದ ಹುಡುಗಿ ಗಂಡನ ಸಂಬಳ ಕೇಳದೆ ಇನ್ನೇನು ಕೇಳಬೇಕು?

ನಾನು ವಿಜ್ಞಾನವನ್ನು ಅಲ್ಲಗಳೆಯುತ್ತಿದ್ದೇನೆ ಎಂದು ಓದುಗರು ಭಾವಿಸಬಾರದು. ಗಂಡು ಹೆಣ್ಣುಗಳ ಆಯ್ಕೆಯಲ್ಲಿ ಸರಾಸರಿ ವ್ಯತ್ಯಾಸ ಇದೆ. ಗರ್ಭ ಹೊತ್ತು ಹಾಲೂಡಿಸುವ ಜೀವಿ ಸಂಗಾತಿಯ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸುತ್ತದೆ ಎಂದು ಜೀವವಿಜ್ಞಾನಿ ರಾಬರ್ಟ್ ಟ್ರೈವರ್ಸ್ 1972ರಲ್ಲಿ ವಾದಿಸಿದರು. ಮನೋವಿಜ್ಞಾನಿ ಡೇವಿಡ್ ಬಸ್ 1989ರಲ್ಲಿ 37 ಸಂಸ್ಕೃತಿಗಳ ಹತ್ತು ಸಾವಿರಕ್ಕೂ ಹೆಚ್ಚು ಜನರ ಉತ್ತರಗಳನ್ನು ಪ್ರಕಟಿಸಿದರು. ಹೆಂಗಸರು ಸಂಪಾದನೆಗೆ, ಗಂಡಸರು ರೂಪ ಮತ್ತು ಎಳೆಯ ವಯಸ್ಸಿಗೆ ಹೆಚ್ಚು ತೂಕ ಕೊಟ್ಟದ್ದು ಬಹುತೇಕ ಎಲ್ಲ ಕಡೆ ಕಂಡಿತು. ಮೊಬೈಲಿನ ಪಂಡಿತರು ಇಲ್ಲಿಗೇ ನಿಲ್ಲಿಸುತ್ತಾರೆ. ಅದೇ ಅಧ್ಯಯನದಲ್ಲಿ ಗಂಡು ಹೆಣ್ಣು ಇಬ್ಬರ ಪಟ್ಟಿಯಲ್ಲೂ ಮೇಲಿದ್ದದ್ದು ದಯೆ, ತಿಳಿವಳಿಕೆ, ಬುದ್ಧಿ. 1999ರಲ್ಲಿ ಮನೋವಿಜ್ಞಾನಿಗಳಾದ ಆಲಿಸ್ ಈಗ್ಲಿ ಮತ್ತು ವೆಂಡಿ ವುಡ್ ಅದೇ ಅಂಕಿಗಳನ್ನು ಮತ್ತೆ ಹರಡಿ ನೋಡಿದಾಗ, ಹೆಣ್ಣಿಗೆ ಗಂಡಿನ ಸಮಕ್ಕೆ ಅಧಿಕಾರ, ಆದಾಯ ಇರುವ ದೇಶಗಳಲ್ಲಿ ಸಂಪಾದನೆಯ ಕುರಿತ ಈ ಅಂತರ ಕಡಿಮೆ ಎಂದು ಕಂಡಿತು. ಉತಾರದ ಪ್ರಶ್ನೆ ಕೇಳಿದ್ದು ಅದಕ್ಕೇ. ಅಲ್ಲದೆ, ಇದೆಲ್ಲ ತಾವೇ ಸಂಗಾತಿಯನ್ನು ಆರಿಸಿಕೊಂಡರೆ ಏನು ಬಯಸುತ್ತೀರಿ ಎಂದು ಕೇಳಿದ ಲೆಕ್ಕ. ನಮ್ಮಲ್ಲಿ ಆರಿಸುವವರು ಅಪ್ಪ, ಅಣ್ಣ, ಸೋದರಮಾವ, ಮಧ್ಯಸ್ಥಗಾರ. ಹದಿನಾರು ಸಾಲುಗಳಲ್ಲಿ ಹುಡುಗಿಯ ಬಾಯಿಂದಲೇ ಕೇಳಿದ ಉತ್ತರ ಒಂದೂ ಇರಲಿಲ್ಲ.

ಹುಡುಗಿಯರು ಸಿಗದಿರುವುದು ಮಲ್ಲಪ್ಪನವರ ಕಲ್ಪನೆಯಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯದ ಮದುವೆಯಾಗದ ರೈತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದೇ ವರ್ಷದ ಕೊನೆಗೆ ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಎರಡು ಸುದ್ದಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರು ಎಷ್ಟು ಜನರೋ.

ನಾನು ಕೊಟ್ಟ ಸಲಹೆ ಇಷ್ಟು. ನೋಟ್‌ಬುಕ್ಕಿಗೆ ಹದಿನೇಳನೆಯ ಸಾಲು ಸೇರಿಸಬೇಡಿ. ರಾತ್ರಿ ಮೊಬೈಲನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ಮಲಗಿ. ಮುಂದೆ ಕನ್ಯೆ ನೋಡಲು ಹೋದಾಗ ಹಿರಿಯರ ಒಪ್ಪಿಗೆ ಪಡೆದು ಹುಡುಗಿಯೊಂದಿಗೆ ಅರ್ಧ ಗಂಟೆ ಮಾತಾಡಿ. ಎಂಟು ಎಕರೆಯ ಮೇಲೆ ಸಾಲ ಎಷ್ಟಿದೆ, ಬೆಳಗಿನ ರೊಟ್ಟಿ ಯಾರು ಬಡಿಯುತ್ತಾರೆ, ಅವಳು ಕೆಲಸಕ್ಕೆ ಹೋಗಬಹುದೇ ಎಂಬುದನ್ನೆಲ್ಲ ನೀವೇ ಮೊದಲು ಹೇಳಿ, ಆಮೇಲೆ ಅವಳನ್ನು ಕೇಳಿ. ಅದಕ್ಕೂ ಮುಂಚೆ ತಂಗಿಯ ಮನೆಗೆ ಹೋಗಿ, ಅಂದು ಕೇಳದ ಪ್ರಶ್ನೆಯನ್ನು ಕೇಳಿ ಬನ್ನಿ.

ಸಹೋದ್ಯೋಗಿಯೊಬ್ಬರಿಗೆ ಇದು ಹಿಡಿಸಲಿಲ್ಲ. “ನೊಂದು ಬಂದವರನ್ನೇ ತಪ್ಪಿತಸ್ಥರನ್ನಾಗಿ ಮಾಡಿದಿರಿ, ಆಲಿಸುವ ಬದಲು ವಾದಿಸಿದಿರಿ,” ಎಂದರು. ಅರ್ಧ ಒಪ್ಪುತ್ತೇನೆ. ಆ ಬಿರುಸು ಪ್ರಶ್ನೆಯನ್ನು ಇಂದು ಕೇಳುವುದಾದರೆ ಮೆಲ್ಲಗೆ ಕೇಳುತ್ತೇನೆ. ಆದರೆ ಕೇಳದೆ ಬಿಡುವುದಿಲ್ಲ. ತಾನು ಕಳಪೆ ಮಾಲು ಎಂದು ನಂಬಿ ನಿದ್ದೆ ಕೆಡಿಸಿಕೊಂಡವರಿಗೆ ಸಮಾಧಾನ ಹೇಳಿದರೆ ಆ ನಂಬಿಕೆ ಹಾಗೆಯೇ ಉಳಿಯುತ್ತದೆ. ಬೇಡ ಎನ್ನುವವರ ಮನಸ್ಸಿನಲ್ಲಿ ಏನಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ಏಕೆಂದರೆ ತಂಗಿಯ ಮೇಲಿನ ಅಕ್ಕರೆಯಿಂದ ಅವರೇ ಒಮ್ಮೆ ಬೇಡ ಎಂದಿದ್ದರು. ಅದನ್ನು ನೆನಪಿಸಿದೆ, ಅಷ್ಟೇ.

ನಾಲ್ಕು ತಿಂಗಳ ಮೇಲೆ ಬಂದರು. ಮದುವೆ ನಿಶ್ಚಯವಾಗಿಲ್ಲ. ನಿದ್ದೆ ಪರವಾಗಿಲ್ಲ, ಒಂದು ಗಂಟೆಗೆ ಬರುತ್ತಿದ್ದದ್ದು ಹನ್ನೊಂದಕ್ಕೆ ಬರುತ್ತದೆ. ಒಬ್ಬ ಹುಡುಗಿಯೊಂದಿಗೆ ಮಾತಾಡಿದರಂತೆ, ಅವಳು ಬಿ.ಎಡ್. ಮುಗಿಸಬೇಕು, ಹಳ್ಳಿ ಬೇಡ ಎಂದು ನೇರವಾಗಿ ಹೇಳಿದಳಂತೆ. “ಕೇಳಿದ್ದು ಒಳ್ಳೆಯದಾಯಿತು, ಆ ರಾತ್ರಿ ಲೆಕ್ಕ ಹಾಕಲಿಲ್ಲ,” ಎಂದರು. ತಂಗಿಯ ಮನೆಗೂ ಹೋಗಿದ್ದರು. ಪ್ರಶ್ನೆ ಕೇಳಿದಾಗ ಅವಳು ಒಂದು ಕ್ಷಣ ಅಣ್ಣನನ್ನೇ ನೋಡಿ, “ಈಗೇಕೆ ಅಣ್ಣಾ ಅದೆಲ್ಲ? ಅವ್ವನ ಸೊಂಟಕ್ಕೆ ಎಣ್ಣೆ ಹಚ್ಚುತ್ತೀರಾ ಇಲ್ಲವಾ?” ಎಂದು ಒಳಗೆ ಹೋದಳಂತೆ.

ಉತಾರದ ಮಾತನ್ನು ಅವರು ಎತ್ತಲಿಲ್ಲ. ನಾನೂ ಅಂದು ಕೇಳಲಿಲ್ಲ.